ಮುತೋಂ, ಮಟನ್, ಬನ್ನೂರು ಕುರಿ

ನಂಜನಗೂಡಿನಲ್ಲಿ ಹೋಟೆಲ್ ಎಂದರೆ ಇಡ್ಲಿ, ದೋಸೆ, ಕಾಫಿ ಸಿಗುವ ಜಾಗ. ಶ್ರೀಕಂಠೇಶ್ವರನ ದರ್ಶನಕ್ಕೆ ಬಂದವರು ರಾತ್ರಿ ಉಳಿಯಬೇಕಾದರೆ ಕೇಳುವುದು ಲಾಡ್ಜನ್ನೋ ಛತ್ರವನ್ನೋ. ಇಂಗ್ಲಿಷರಿಗೆ ಹೋಟೆಲ್ ಮೊದಲು ಮಲಗುವ ಜಾಗ, ತಿನ್ನುವುದು ಆಮೇಲಿನ ಮಾತು. ಪದ ಬಂದದ್ದು ಫ್ರೆಂಚ್‌ನಿಂದ. ಅಲ್ಲಿ ‘ಒತೆಲ್’ ವಸತಿಗೃಹವೂ ಹೌದು, ಸಿರಿವಂತರ ಬಂಗಲೆಯೂ ಹೌದು. ‘ಒತೆಲ್ ದ ವೀಲ್’ ಅಂತೂ ನಗರಸಭೆಯ ಕಚೇರಿ. ಅಲ್ಲಿ ಜನನ ಪ್ರಮಾಣಪತ್ರ ಸಿಕ್ಕೀತು, ಹಾಸಿಗೆ ಸಿಗದು.

1066ರಲ್ಲಿ ನಾರ್ಮಂಡಿಯ ವಿಲಿಯಂ ಇಂಗ್ಲೆಂಡನ್ನು ಗೆದ್ದ ಮೇಲೆ ಫ್ರೆಂಚ್ ಪದಗಳು ಇಂಗ್ಲಿಷಿಗೆ ರಾಶಿ ರಾಶಿಯಾಗಿ ಬಂದವು. ರೂಪ ಹೆಚ್ಚುಕಡಿಮೆ ಹಾಗೇ ಉಳಿಯಿತು, ಅರ್ಥ ಎರಡು ದಾರಿ ಹಿಡಿಯಿತು. ಇಂಥ ಪದಗಳಿಗೆ ‘ಹುಸಿ ಗೆಳೆಯರು’ ಎಂಬ ಹೆಸರು ಕೊಟ್ಟದ್ದು 1928ರಲ್ಲಿ ಪ್ರಕಟವಾದ ಕೊಸ್ಲೆರ್ ಮತ್ತು ದೆರೊಕಿನ್ಯಿ ಅವರ ಫ್ರೆಂಚ್ ಪುಸ್ತಕ. ಕನ್ನಡಿಗರಿಗೂ ಇಂಥ ಹುಸಿ ಗೆಳೆಯರ ಪರಿಚಯವುಂಟು: ಹಿಂದಿಯ ‘ಶಿಕ್ಷಾ’ ವಿದ್ಯೆ, ಕನ್ನಡದ ‘ಶಿಕ್ಷೆ’ ದಂಡನೆ. ಎರಡೂ ಒಂದೇ ಎನ್ನುವ ಮಕ್ಕಳೂ ಇದ್ದಾರು.

ದ್ರಾಕ್ಷಿಯ ಕಥೆ ಎಲ್ಲಕ್ಕಿಂತ ತಮಾಷೆಯದು. ಫ್ರೆಂಚ್‌ನಲ್ಲಿ ಹಣ್ಣಿನ ಹೆಸರು ‘ರೆಜಾಂ’, ಗೊಂಚಲಿನ ಹೆಸರು ‘ಗ್ರಾಪ್’. ಇಂಗ್ಲಿಷರು ಗೊಂಚಲಿನ ಹೆಸರನ್ನು ಹಣ್ಣಿಗಿಟ್ಟು ‘ಗ್ರೇಪ್’ ಎಂದರು. ಹಣ್ಣಿನ ಹೆಸರನ್ನು ಒಣಗಿದ್ದಕ್ಕೆ ಕೊಟ್ಟು ‘ರೈಸಿನ್’ ಎಂದರು. ನಂಜನಗೂಡಿನ ರಸಬಾಳೆಯನ್ನು ಯಾರಾದರೂ ‘ಗೊನೆ’ ಎಂದೇ ಕರೆದು ತಿಂದ ಹಾಗೆ. ಫ್ರೆಂಚರು ಒಣದ್ರಾಕ್ಷಿಗೆ ‘ರೆಜಾಂ ಸೆಕ್’ ಎನ್ನುತ್ತಾರೆ. ಪದ ಕಟ್ಟುವ ಬಗೆ ನಮ್ಮದೇ.

ಅಂಗಡಿಯಲ್ಲಿ ಎಚ್ಚರ ಹೆಚ್ಚು ಬೇಕು. ‘ಲಿಬ್ರೆರಿ’ ಪುಸ್ತಕದ ಅಂಗಡಿ, ಅಲ್ಲಿ ಎರವಲು ಸಿಗದು. ಪ್ರಿಸರ್ವೇಟಿವ್ ಇಲ್ಲದ ಜಾಮ್ ಬೇಕೆಂದು ಇಂಗ್ಲಿಷ್ ಪದವನ್ನೇ ತಿರುಚಿ ‘ಪ್ರೆಸೆರ್ವಾತಿಫ್’ ಎಂದರೆ ಅಂಗಡಿಯವನು ನಕ್ಕಾನು: ಅದು ಕಾಂಡೋಮ್.

ಮಾಂಸದ ವಿಷಯ ಇನ್ನೂ ಗೋಜಲು. ಫ್ರೆಂಚರ ‘ಮುತೋಂ’ ಮೇಯುತ್ತಿದ್ದರೂ ಕುರಿ, ತಟ್ಟೆಯಲ್ಲಿದ್ದರೂ ಕುರಿ. ಇಂಗ್ಲಿಷಿನ ‘ಮಟನ್’ ತಟ್ಟೆಯದು ಮಾತ್ರ. ಮೇಯುವುದಕ್ಕೆ ‘ಶೀಪ್’ ಎಂಬ ಹಳೆಯ ಹೆಸರೇ ಉಳಿಯಿತು. ತಿ. ನರಸೀಪುರ ತಾಲ್ಲೂಕಿನ ಬನ್ನೂರು ಕುರಿಯೂ ಸಂತೆಯಲ್ಲಿ ಕುರಿ, ಅಂಗಡಿಯ ಬೋರ್ಡಿನಲ್ಲಿ ಮಟನ್. ಆದರೆ ನಮ್ಮಲ್ಲಿ ಆಡಿನ ಮಾಂಸಕ್ಕೂ ಅದೇ ಹೆಸರು. ಆದ್ದರಿಂದ ಇಲ್ಲಿನ ಮೆನುವನ್ನು ಫ್ರೆಂಚಿಗೆ ತರುವವರು ಮೊದಲು ಅಡುಗೆಮನೆಯಲ್ಲಿ ವಿಚಾರಿಸಬೇಕು. ಆಡು ಎಂದು ತಿಳಿದು ‘ಶೆವ್ರ್’ ಎಂದು ಬರೆದರೂ ಕಷ್ಟ ತಪ್ಪದು: ಫ್ರೆಂಚ್ ಮೆನುವಿನಲ್ಲಿ ಆ ಪದ ಕಂಡರೆ ಗಿರಾಕಿ ನಿರೀಕ್ಷಿಸುವುದು ಆಡಿನ ಹಾಲಿನ ಚೀಸನ್ನು.