ಹಾಲಿನ ಪರೀಕ್ಷೆ

ದೆಹಲಿಗೆ ಬಂದ ಹೊಸತರಲ್ಲಿ ನಮ್ಮ ಮನೆಯ ಹಾಲಿನ ಪರೀಕ್ಷೆ ಹೆಬ್ಬೆರಳಿನ ಉಗುರಿನ ಮೇಲೆ ನಡೆಯುತ್ತಿತ್ತು. ಊರಿನಿಂದ ಬಂದಿದ್ದ ಅಮ್ಮ ಒಂದು ತೊಟ್ಟು ಹಾಲನ್ನು ಉಗುರಿನ ಮೇಲಿಟ್ಟು, ಅದು ಸರ್ರನೆ ಜಾರಿದರೆ "ನೀರು" ಎಂದು ತೀರ್ಪು ಕೊಡುತ್ತಿದ್ದರು. ಹಾಲಿನವನು ನಗುತ್ತಿದ್ದ, ನಾವು ದುಡ್ಡು ಎಣಿಸುತ್ತಿದ್ದೆವು. ನೀರು ಚೊಕ್ಕಟವಾಗಿದ್ದರೆ ನಷ್ಟ ಜೇಬಿಗೆ ಮಾತ್ರ. ಮಕ್ಕಳ ಹೊಟ್ಟೆಗೆ ಹೋಗುವ ಬೇರೆ ವಸ್ತುಗಳು ಉಗುರಿಗೆ ತಿಳಿಯುವಂಥವಲ್ಲ.

೧೯೫೪ರ ಕಲಬೆರಕೆ ತಡೆ ಕಾಯಿದೆ ಹೋಗಿ ಈಗ ೨೦೦೬ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯಿದೆ ಇದೆ. ಅದರಂತೆ ಅಧಿಕಾರಿಗಳು ಬೆಲೆ ಕೊಟ್ಟೇ ಹಾಲು ಕೊಂಡು, ನಾಲ್ಕು ಭಾಗ ಮಾಡಿ ಮೊಹರು ಹಾಕುತ್ತಾರೆ. ಒಂದು ಭಾಗ ವಿಶ್ಲೇಷಕರಿಗೆ, ಎರಡು ಮೇಲಧಿಕಾರಿಗೆ. ನಾಲ್ಕನೆಯದು, ವ್ಯಾಪಾರಿ ಕೇಳಿದರೆ, ಮಾನ್ಯತೆ ಪಡೆದ ಬೇರೊಂದು ಪ್ರಯೋಗಾಲಯಕ್ಕೆ. ಹಾಲು ಕೆಡದಿರಲೆಂದು ೨೫ ಮಿಲಿಲೀಟರಿಗೆ ಎರಡು ಹನಿ ಫಾರ್ಮಲಿನ್ ಬೆರೆಸುತ್ತಾರೆ. ಕಳ್ಳ ವ್ಯಾಪಾರಿ ಬೆರೆಸುವುದೂ ಅದನ್ನೇ. ಅಧಿಕಾರಿಗಳು ಬೆರೆಸಿದ್ದನ್ನು ಚೀಟಿಯಲ್ಲಿ ಬರೆಯುತ್ತಾರೆ, ವ್ಯತ್ಯಾಸ ಅಷ್ಟೇ. ಫೈಲುಗಳ ನಡುವೆಯೇ ದಿನ ಕಳೆಯುವ ನಮಗೆ ಇಷ್ಟು ಮೊಹರುಗಳನ್ನು ಕಂಡರೆ ಸಮಾಧಾನವೇ. ಆದರೆ ವರದಿಗೆ ೧೪ ದಿನಗಳ ಅವಧಿಯುಂಟು. ಅಷ್ಟರಲ್ಲಿ ಆ ಹಾಲನ್ನು ಓಣಿಯೆಲ್ಲ ಕುಡಿದಾಗಿರುತ್ತದೆ.

೨೦೧೮ರಲ್ಲಿ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ ದೇಶದ ೧,೧೦೩ ಪಟ್ಟಣಗಳಿಂದ ೬,೪೩೨ ಮಾದರಿಗಳನ್ನು ತರಿಸಿ ನೋಡಿತು. ಕಲಬೆರಕೆಯಿಂದ ಅಪಾಯಕಾರಿಯಾದವು ಬರೇ ೧೨. ನಾವು ಹೆದರುತ್ತಿದ್ದ ಯೂರಿಯಾ, ಸೋಪುಗಳ ಕಥೆ ಅಷ್ಟಕ್ಕೇ ಮುಗಿಯಿತು. ಆದರೆ ೭೭ರಲ್ಲಿ ದನಗಳಿಗೆ ಕೊಟ್ಟ ಆಂಟಿಬಯಾಟಿಕ್ ಔಷಧಗಳು, ೩೬೮ರಲ್ಲಿ ಅಫ್ಲಾಟಾಕ್ಸಿನ್ ಎಂ-೧ ಎಂಬ ವಿಷ ಮಿತಿ ಮೀರಿದ್ದವು. ಈ ವಿಷವನ್ನು ಯಾರೂ ಬೆರೆಸುವುದಿಲ್ಲ. ತೇವಕ್ಕೆ ಬೂಷ್ಟು ಹಿಡಿದ ಹಿಂಡಿ, ಮೆಕ್ಕೆಜೋಳಗಳನ್ನು ಹಸು ತಿನ್ನುತ್ತದೆ. ಬೂಷ್ಟಿನ ವಿಷ ಅದರ ಯಕೃತ್ತಿನಲ್ಲಿ ರೂಪ ಬದಲಿಸಿ ಕೆಚ್ಚಲಿಗೆ ಇಳಿಯುತ್ತದೆ. ಮನುಷ್ಯರ ಯಕೃತ್ತಿಗೂ ಅದು ಕೇಡು. ಎಷ್ಟು ಕುದಿಸಿದರೂ ಹೋಗದು, ಲ್ಯಾಕ್ಟೊಮೀಟರಿಗೆ ಕಾಣದು. ಕಿಲೋ ಹಾಲಿಗೆ ಅರ್ಧ ಮೈಕ್ರೋಗ್ರಾಮೇ ಅದರ ಮಿತಿ. ಹಸಿ ಹಾಲಿಗಿಂತ ಸಂಸ್ಕರಿಸಿದ ಹಾಲಿನಲ್ಲೇ ಅದು ಹೆಚ್ಚಾಗಿ ಸಿಕ್ಕಿತು. ಹೆಚ್ಚು ಸಿಕ್ಕಿದ ಮೊದಲ ಮೂರು ಪ್ರದೇಶಗಳು ತಮಿಳುನಾಡು, ನಮ್ಮ ದೆಹಲಿ ಮತ್ತು ಕೇರಳ.

ಇಲ್ಲೊಂದು ತೊಡಕುಂಟು. ಕಾಯಿದೆಯಲ್ಲಿ 'ಆಹಾರ' ಎಂಬ ಪದಕ್ಕೆ ಕೊಟ್ಟ ಅರ್ಥದಲ್ಲಿ ದನದ ಮೇವು ಸೇರಿಲ್ಲ. ಅಧಿಕಾರಿಗಳು ಹಾಲಿನ ಕ್ಯಾನನ್ನು ಹಿಡಿಯಬಲ್ಲರು. ಕೊಟ್ಟಿಗೆಯ ಮೂಲೆಯಲ್ಲಿ ಬೂಷ್ಟು ಹಿಡಿದ ಹಿಂಡಿಯ ಚೀಲವನ್ನು ಇದೇ ಕಾಯಿದೆಯ ಬಲದಿಂದ ಹಿಡಿಯಲಾರರು.

ಗಿರಾಕಿಗಳಾದ ನಮಗೂ ಒಂದು ಹಕ್ಕುಂಟು. ೪೦ನೆಯ ಕಲಮಿನಂತೆ ನಾವೇ ಶುಲ್ಕ ಕಟ್ಟಿ ಹಾಲನ್ನು ಪರೀಕ್ಷೆ ಮಾಡಿಸಬಹುದು. ದೋಷ ಕಂಡರೆ ಶುಲ್ಕ ಮರಳಿ ಬರುತ್ತದೆ. ಆದರೆ ಕೊಳ್ಳುವಾಗಲೇ ವ್ಯಾಪಾರಿಗೆ ಸಂಗತಿ ತಿಳಿಸಬೇಕು. ಕಳೆದ ತಿಂಗಳು ನಾವು ಧೈರ್ಯ ಮಾಡಿ ತಿಳಿಸಿಯೇಬಿಟ್ಟೆವು. ಹಾಲಿನವನು ಒಂದು ಗಳಿಗೆ ನಮ್ಮ ಮುಖ ನೋಡಿದ. ಆಮೇಲೆ ಕೈಯಲ್ಲಿದ್ದ ಕ್ಯಾನನ್ನು ಬದಿಗಿಟ್ಟು, ಸೈಕಲ್ಲಿನ ಆಚೆ ಬದಿಯ ಕ್ಯಾನಿನಿಂದ ಅಳೆದುಕೊಟ್ಟ.