ಬೆರೆಸಿದ ಎಣ್ಣಿ: ಒಂದು ವಿಷಕ್ಕೆ ಇನ್ನೊಂದು ಬಲ ಕೊಟ್ಟಾಗ



ತೊಗರಿ ಹೂವು-ಕಾಯಿ ಕಟ್ಟುವ ಕಾಲದಲ್ಲಿ ಸೇಡಂ, ಚಿತ್ತಾಪುರ, ಚಿಂಚೋಳಿ ಕಡೆಯ ಹೊಲಗಳಲ್ಲಿ ಎಣ್ಣಿ ಹೊಡೆದು ಅಸ್ವಸ್ಥರಾದವರನ್ನು ದವಾಖಾನೆಗೆ ತಂದಾಗ, ವೈದ್ಯರು ಮೊದಲು ಕೇಳುವುದು "ಯಾವ ಎಣ್ಣಿ?" ಎಂದು. ಬಹಳ ಸಲ ಬರುವ ಉತ್ತರ "ಹುಳದ ಎಣ್ಣಿರಿ" ಎಂದಷ್ಟೇ. ಕೆಲವರು ಒಂದು ಡಬ್ಬಿಯ ಹೆಸರು ಹೇಳುತ್ತಾರೆ. ಪಂಪಿಗೆ ಹಾಕಿದ್ದು ಮಾತ್ರ ಎರಡೋ ಮೂರೋ ಆಗಿರುತ್ತದೆ. ಹೇಳದೆ ಬಿಟ್ಟ ಆ ಎರಡನೆಯ ಡಬ್ಬಿ ಏಕೆ ಮುಖ್ಯ ಎಂಬುದನ್ನು ತಾವು ತಿಳಿಯಬೇಕು.

ಸುಮಾರು 1940ರಲ್ಲಿ ಅಮೆರಿಕದಲ್ಲಿ ಒಂದು ಸಂಗತಿ ಕಂಡುಬಂತು. ಸೇವಂತಿಗೆಯ ಸಂಬಂಧಿಯಾದ ಒಂದು ಹೂವಿನಿಂದ ತೆಗೆದ ಪೈರೆಥ್ರಮ್ ಎಂಬ ನೊಣದ ಔಷಧಿಗೆ ಎಳ್ಳೆಣ್ಣೆ ಸೇರಿಸಿದರೆ ಅದರ ಶಕ್ತಿ ಹೆಚ್ಚುತ್ತದೆ! ಎಳ್ಳೆಣ್ಣೆ ವಿಷವಲ್ಲ, ನಾವು ಅಡುಗೆಗೆ ಬಳಸುತ್ತೇವೆ. ಹಾಗಾದರೆ ಇದು ಹೇಗೆ? ಹುಳದ ದೇಹಕ್ಕೆ ವಿಷ ಹೋದಾಗ ಅದನ್ನು ಒಡೆದು ನಿರುಪಯೋಗಿ ಮಾಡುವ ಕಿಣ್ವಗಳು ಅದರೊಳಗೇ ಇರುತ್ತವೆ. ಎಳ್ಳಿನಲ್ಲಿರುವ ಒಂದು ಅಂಶ ಆ ಕಿಣ್ವಗಳನ್ನು ತಡೆಯುತ್ತದೆ. ಕಸ ಗುಡಿಸುವವರ ಕೈ ಕಟ್ಟಿದರೆ ಮನೆಯಲ್ಲಿ ಕಸ ತುಂಬುವಂತೆ, ವಿಷ ದೇಹದಲ್ಲಿ ಉಳಿದು ಕೆಲಸ ಮಾಡುತ್ತದೆ. ಹೀಗೆ ಇನ್ನೊಂದು ವಿಷಕ್ಕೆ ಬಲ ಕೊಡುವ ವಸ್ತುವನ್ನು ಸಿನರ್ಜಿಸ್ಟ್ ಎನ್ನುತ್ತಾರೆ. ನಾವು ಬಲವರ್ಧಕ ಎನ್ನೋಣ.

ಇದೇ ದಾರಿಯಲ್ಲಿ 1940ರ ದಶಕದಲ್ಲಿ ಪೈಪೆರೋನಿಲ್ ಬ್ಯುಟಾಕ್ಸೈಡ್ ಎಂಬ ರಾಸಾಯನಿಕ ಬಂತು. ಇಂದು ಹಲವು ದೇಶಗಳಲ್ಲಿ ಸೊಳ್ಳೆ-ನೊಣದ ಸ್ಪ್ರೇಗಳಲ್ಲಿ ಇದು ಇದೆ. ಸೊಳ್ಳೆಗಳು ಔಷಧಿಗೆ ಜಗ್ಗದ ಪ್ರದೇಶಗಳಿಗೆ ಇದನ್ನು ಸೇರಿಸಿದ ಪರದೆಗಳನ್ನು ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ಶಿಫಾರಸು ಮಾಡಿತು. ಇಲಿಗಳಿಗೆ ತಿನ್ನಿಸಿ ನೋಡಿದಾಗ ಇದರ ತಕ್ಷಣದ ವಿಷ ಕಡಿಮೆಯೆಂದು ಕಂಡಿದೆ. ದೊಡ್ಡ ಪ್ರಮಾಣದಲ್ಲಿ ಬಹುಕಾಲ ತಿನ್ನಿಸಿದ ಸಣ್ಣ ಇಲಿಗಳ ಯಕೃತ್ತಿನಲ್ಲಿ ಗಡ್ಡೆಗಳು ಕಂಡದ್ದರಿಂದ, ಅಮೆರಿಕದ ಪರಿಸರ ಇಲಾಖೆ ಇದನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ಸಾಧ್ಯತೆ ಇರಬಹುದಾದ ವಸ್ತುಗಳ ಪಟ್ಟಿಯಲ್ಲಿಟ್ಟಿದೆ. ಆದ್ದರಿಂದ ವಾಡಿ, ಶಹಾಬಾದದ ಸಣ್ಣ ಮನೆಗಳಲ್ಲಿ ಯಾವ ಸ್ಪ್ರೇಯನ್ನೇ ಹೊಡೆಯಿರಿ, ಮಕ್ಕಳನ್ನು ಹೊರಗೆ ಕಳುಹಿಸಿ, ಊಟದ ಪಾತ್ರೆ ಮುಚ್ಚಿ, ಆಮೇಲೆ ಕಿಟಕಿ ಬಾಗಿಲು ತೆರೆದಿಡಿ. ಅಷ್ಟು ಎಚ್ಚರ ಸಾಕು, ವಿಪರೀತ ಭಯ ಬೇಡ.

ಭಯಪಡಬೇಕಾದದ್ದು ಹೊಲದಲ್ಲಿದೆ. ಕಾಯಿಕೊರಕ ಹುಳಕ್ಕೆ ಹೊಡೆಯುವ ಪ್ರೊಫೆನೋಫಾಸ್ ಮತ್ತು ಸೈಪರ್‌ಮೆಥ್ರಿನ್ ಕೂಡಿದ ಡಬ್ಬಿಯನ್ನು ತಾವು ನೋಡಿರಬಹುದು. ನೂರಕ್ಕೆ 40 ಭಾಗ ಮೊದಲಿನದು, 4 ಭಾಗ ಎರಡನೆಯದು. ಸೈಪರ್‌ಮೆಥ್ರಿನನ್ನು ಒಡೆಯುವ ಕಿಣ್ವವನ್ನು ಪ್ರೊಫೆನೋಫಾಸ್ ತಡೆಯುತ್ತದೆ. ಅಂದರೆ ಇಲ್ಲಿ ಬಲವರ್ಧಕವೇ ಒಂದು ದೊಡ್ಡ ವಿಷ, ನರಗಳ ಮೇಲೆ ಕೆಲಸ ಮಾಡುವ ಆರ್ಗನೋಫಾಸ್ಫೇಟ್ ಗುಂಪಿಗೆ ಸೇರಿದ್ದು. ಅಂಥ ಕಿಣ್ವಗಳು ಹುಳಕ್ಕೆ ಮಾತ್ರವಲ್ಲ, ನಮ್ಮ ಯಕೃತ್ತಿನಲ್ಲೂ ಇವೆ. ಕಂಪನಿಯವರು ಕೂಡಿಸಿದ ಪ್ರಮಾಣಕ್ಕೆ ಪರೀಕ್ಷೆ, ನೋಂದಣಿ ಇರುತ್ತದೆ. ಅದರ ಮೇಲೆ ಬಾವಿಯ ದಂಡೆಯಲ್ಲಿ ನಾವು ಸುರಿಯುವ ಇನ್ನೊಂದು ಮುಚ್ಚಳಕ್ಕೆ ಯಾವ ಪರೀಕ್ಷೆಯೂ ಇಲ್ಲ. ಡಬ್ಬಿಯ ಮೇಲಿನ ಕೆಂಪು, ಹಳದಿ, ನೀಲಿ, ಹಸಿರು ತ್ರಿಕೋನ ಆ ಒಂದು ಡಬ್ಬಿಯ ವಿಷವನ್ನು ಹೇಳುತ್ತದೆ, ಪಂಪಿನೊಳಗಿನ ಮಿಶ್ರಣದ್ದನ್ನಲ್ಲ.

ಮ್ಯಾಲಾಥಿಯಾನ್ ಮನುಷ್ಯರಿಗೆ ಅಷ್ಟು ಅಪಾಯವಿಲ್ಲದ್ದೆಂದು ಹೆಸರಾದ ಔಷಧಿ. ನಮ್ಮ ದೇಹ ಅದನ್ನು ಬೇಗ ಒಡೆಯುತ್ತದೆ. 1976ರಲ್ಲಿ ಪಾಕಿಸ್ತಾನದಲ್ಲಿ ಮಲೇರಿಯಾ ನಿಯಂತ್ರಣಕ್ಕೆ ಅದನ್ನೇ ಸಿಂಪಡಿಸಿದ ಸುಮಾರು 7,500 ಕೆಲಸಗಾರರಲ್ಲಿ ಅಂದಾಜು 2,800 ಮಂದಿಗೆ ವಿಷವೇರಿತು, ಐವರು ತೀರಿಕೊಂಡರು. ಪುಡಿಯಲ್ಲಿ ಐಸೋಮ್ಯಾಲಾಥಿಯಾನ್ ಎಂಬ ಕಲ್ಮಶ ಹುಟ್ಟಿಕೊಂಡಿತ್ತು, ಅದು ಮ್ಯಾಲಾಥಿಯಾನನ್ನು ಒಡೆಯುವ ಕಿಣ್ವವನ್ನೇ ತಡೆದಿತ್ತು. ಬಿಸಿಯಲ್ಲಿ ಬಹಳ ದಿನ ಇಟ್ಟರೆ ಈ ಕಲ್ಮಶ ಹೆಚ್ಚುತ್ತದೆ. ನಮ್ಮ ಭಾಗದ ಬೇಸಿಗೆಯನ್ನು ಬೇರೆ ಹೇಳಬೇಕಾಗಿಲ್ಲ. ತಗಡಿನ ಶೆಡ್ಡಿನಲ್ಲಿ ಉಳಿದ ಹೋದ ವರ್ಷದ ಡಬ್ಬಿಯನ್ನು ಈ ವರ್ಷ ಬಳಸಬೇಡಿ.

ಪಕ್ಕದ ಮಹಾರಾಷ್ಟ್ರದ ಯವತ್ಮಾಳದಲ್ಲಿ 2017ರ ಹತ್ತಿಯ ಹಂಗಾಮಿನಲ್ಲಿ ಎಣ್ಣಿ ಹೊಡೆಯುವಾಗಲೇ ವಿಷವೇರಿ ನೂರಾರು ಮಂದಿ ಆಸ್ಪತ್ರೆ ಸೇರಿದರು, ಹಲವರು ಸತ್ತರು. ಅನಂತರ ಅಲ್ಲಿನ ಸರಕಾರ ಕೆಲಕಾಲ ಮಾರಾಟ ನಿಲ್ಲಿಸಿದ ಔಷಧಿಗಳಲ್ಲಿ ಮೇಲೆ ಹೇಳಿದ ಜೋಡಿಯೂ ಇತ್ತು. ನಮ್ಮ ತೊಗರಿಯೂ ಆಳೆತ್ತರ ಬೆಳೆಯುತ್ತದೆ. ಗನ್ನು ಮೇಲಕ್ಕೆ ಹಿಡಿದರೆ ಹನಿಗಳು ಮುಖದ ಮೇಲೇ ಬೀಳುತ್ತವೆ.

ಹೊಡೆಯುವವರಿಗೆ ಮುಖ ಚುರುಗುಟ್ಟುವುದಷ್ಟೇ ಆದರೆ ಅದು ಬಹುಶಃ ಸೈಪರ್‌ಮೆಥ್ರಿನಿನ ಉರಿ. ಸಾಬೂನಿನಿಂದ ತೊಳೆದರೆ ಸಾಮಾನ್ಯವಾಗಿ ಒಂದು ದಿನದೊಳಗೆ ಇಳಿಯುತ್ತದೆ. ಆದರೆ ಬಾಯಲ್ಲಿ ಜೊಲ್ಲು, ವಿಪರೀತ ಬೆವರು, ವಾಂತಿ, ಮಂದ ನೋಟ, ಮಾಂಸಖಂಡಗಳ ಅದುರು, ಉಸಿರಾಟಕ್ಕೆ ಕಷ್ಟ, ಇವುಗಳಲ್ಲಿ ಒಂದು ಕಂಡರೂ ಕಾಯಬೇಡಿ. 108ಕ್ಕೆ ಕರೆ ಮಾಡಿ. ಬರುವಷ್ಟರಲ್ಲಿ ಬಟ್ಟೆ ಬಿಚ್ಚಿ, ತಲೆಗೂದಲು ಸಹಿತ ಸಾಬೂನು ನೀರಿನಿಂದ ತೊಳೆಯಿರಿ. ತೊಳೆಯುವವರು ತಮ್ಮ ಕೈಗೆ ಪ್ಲಾಸ್ಟಿಕ್ ಚೀಲವನ್ನಾದರೂ ಕಟ್ಟಿಕೊಳ್ಳಿ. ಎಡ ಮಗ್ಗುಲಿಗೆ ಮಲಗಿಸಿ. ವಿಷ ಹೊಟ್ಟೆಗೆ ಹೋಗಿದ್ದರೆ ಉಪ್ಪುನೀರು, ಹುಣಸೆಹುಳಿ ಕುಡಿಸಿ ವಾಂತಿ ಮಾಡಿಸಲೇಬಾರದು. ಈ ಔಷಧಿಗಳನ್ನು ಕರಗಿಸಿರುವುದು ಸೀಮೆಎಣ್ಣೆಯಂಥ ದ್ರಾವಣದಲ್ಲಿ. ವಾಂತಿಯಾಗುವಾಗ ಅದು ಪುಪ್ಪುಸಕ್ಕೆ ಇಳಿದರೆ ಇನ್ನೊಂದು ಜಡ್ಡು ಹಚ್ಚಿದಂತೆ.

ಪಂಪಿಗೆ ಹಾಕಿದ ಎಲ್ಲ ಡಬ್ಬಿಗಳನ್ನು ಚೀಲದಲ್ಲಿ ಕಟ್ಟಿ ತನ್ನಿ, ಇಲ್ಲವೇ ಚೀಟಿಗಳ ಫೋಟೋ ಮೊಬೈಲಿನಲ್ಲಿ ತನ್ನಿ. ಎರಡು ಗುಂಪಿನ ವಿಷಕ್ಕೆ ಚಿಕಿತ್ಸೆ ಬೇರೆ ಬೇರೆ. ಆರ್ಗನೋಫಾಸ್ಫೇಟಿಗೆ ಅಟ್ರೋಪಿನ್ ಬೇಕು; ಸೈಪರ್‌ಮೆಥ್ರಿನಿಗೆ ಅಂಥ ಪ್ರತಿವಿಷವಿಲ್ಲ, ಲಕ್ಷಣ ನೋಡಿ ಉಪಚರಿಸಬೇಕು. ವಿಷ ತಾನಾಗಿ ಕುಡಿದದ್ದಾದರೆ ಪೊಲೀಸರ ಅಂಜಿಕೆಯಿಂದ ಮುಚ್ಚಿಡಬೇಡಿ. ಅಂಥವರು ತೀವ್ರ ಮಾನಸಿಕ ಒತ್ತಡದಲ್ಲಿದ್ದರೆಂದೇ ಭಾವಿಸಿ ಶಿಕ್ಷಿಸಬಾರದೆಂದು 2017ರ ಮಾನಸಿಕ ಆರೋಗ್ಯ ಕಾಯ್ದೆ ಹೇಳುತ್ತದೆ.

ವಾರ್ಡಿನಲ್ಲಿ ಎರಡು ಸಂಗತಿ ನೆನಪಿರಲಿ. ಅಟ್ರೋಪಿನ್ ಕೊಟ್ಟಾಗ ಬಾಯಿ ಒಣಗುತ್ತದೆ, ಎದೆಬಡಿತ ಹೆಚ್ಚುತ್ತದೆ, ಕೆಲವರು ಅಡ್ಡಾದಿಡ್ಡಿ ಮಾತಾಡುತ್ತಾರೆ. ಗಾಬರಿಯಾಗಿ ರೋಗಿಯನ್ನು ಬೇರೆಡೆಗೆ ಒಯ್ಯಬೇಡಿ, ಸಿಸ್ಟರಿಗೆ ತಿಳಿಸಿ. ಇನ್ನೊಂದು, ಎರಡನೆಯ ದಿನ ರೋಗಿ ಎದ್ದು ಕುಳಿತು ರೊಟ್ಟಿ ಕೇಳಿದರೆ "ಆರಾಮಾದರು, ಬಿಡುಗಡೆ ಮಾಡ್ರಿ" ಎಂದು ಒತ್ತಾಯಿಸುವುದು ನಮ್ಮಲ್ಲಿ ರೂಢಿ. ಆರ್ಗನೋಫಾಸ್ಫೇಟ್ ವಿಷದಲ್ಲಿ ಒಂದರಿಂದ ನಾಲ್ಕು ದಿನಗಳೊಳಗೆ, ಚೇತರಿಸಿಕೊಂಡಂತೆ ಕಂಡವರಿಗೂ ಕುತ್ತಿಗೆ ಎತ್ತಲಾಗದೆ ಉಸಿರಾಟದ ಸ್ನಾಯುಗಳು ಸೋಲಬಹುದು. ಅದು ಹಳ್ಳಿಯಲ್ಲಿ ರಾತ್ರಿ ಹೊತ್ತು ಆದರೆ ಉಳಿಸುವುದು ಕಷ್ಟ. ಅದಕ್ಕಾಗಿಯೇ ವೈದ್ಯರು ದಿನ ಎಣಿಸುತ್ತಾರೆ.

ಮನೆಗೆ ಹೋದ ಮೇಲೆ ಹೊಲದ ಕೆಲಸ ಬಿಡಲಾಗದು, ನಿಜ. ಗಿಡ ಅಲುಗಾಡಿಸಿ, ಕೆಳಗೆ ಹಾಸಿದ ತಾಡಪತ್ರಿಯ ಮೇಲೆ ಹುಳ ಉದುರಿಸಿ ಆರಿಸುವ ಪದ್ಧತಿಯನ್ನು ನಮ್ಮ ಜಿಲ್ಲೆಯ ತೊಗರಿ ಹೊಲಗಳಲ್ಲಿ ರೈತರು ಮಾಡಿ ತೋರಿಸಿದ್ದಾರೆ. ಉದುರಿದ ಹುಳವನ್ನು ಕೋಳಿಗಳೇ ತಿಂದು ಮುಗಿಸುತ್ತವೆ.