ಆಸ್ಕರ್ ಯಾರಿಗೆ? ಸಿನಿಮಾ ನೋಡದೇ ಹಾಕೋ ಲೆಕ್ಕ

ಆಸ್ಕರ್ ನಾಮಿನೇಷನ್ ಲಿಸ್ಟ್ ಬಂತು ಅಂದ್ರೆ ಸಾಕು, ಪ್ರತಿ ಕ್ಲಾಸಲ್ಲೂ ಮೂರು ಥರದ ಜನ ಹುಟ್ಕೋತಾರೆ. ಒಬ್ಬ ಟ್ರೇಲರ್ ನೋಡಿ ಭವಿಷ್ಯ ಹೇಳ್ತಾನೆ. ಇನ್ನೊಬ್ಬಳು ಹತ್ತೂ ಸಿನಿಮಾನ ಕೂತು ನೋಡಿ, ಯೋಚನೆ ಮಾಡಿ ಹೇಳ್ತಾಳೆ. ಮೂರನೆಯವನು ಒಂದೂ ಸಿನಿಮಾ ನೋಡಿರಲ್ಲ, ಬರೀ ಒಂದು ಎಕ್ಸೆಲ್ ಶೀಟ್ ಇಟ್ಕೊಂಡಿರ್ತಾನೆ. ಬಹಳ ಸಲ ಸರಿ ಉತ್ತರ ಸಿಗೋದು ಆ ಮೂರನೆಯವನಿಗೇ. ಇದು ಅದೃಷ್ಟ ಅಲ್ಲ, ಇದರ ಹಿಂದೆ ಒಂದು ಲೆಕ್ಕ ಇದೆ. ಆ ಲೆಕ್ಕ ಹೇಗೆ ನಡೆಯತ್ತೆ, ಎಲ್ಲಿ ಕೈ ಕೊಡತ್ತೆ ಅನ್ನೋದನ್ನ ಈ ಲೇಖನದಲ್ಲಿ ನೋಡೋಣ.

ಮೊದಲು ಪ್ರಶ್ನೆ ಸರಿ ಮಾಡ್ಕೊಳ್ಳೋಣ

"ಯಾವ ಸಿನಿಮಾ ಚೆನ್ನಾಗಿದೆ?" ಅನ್ನೋದು ಒಂದು ಪ್ರಶ್ನೆ. "ಯಾವ ಸಿನಿಮಾ ಗೆಲ್ಲತ್ತೆ?" ಅನ್ನೋದು ಪೂರ್ತಿ ಬೇರೆ ಪ್ರಶ್ನೆ. ಎರಡನೆಯದಕ್ಕೆ ಉತ್ತರ ಬೇಕಿದ್ರೆ ಸಿನಿಮಾಗಿಂತ ಮುಂಚೆ ಮತದಾರರನ್ನ ನೋಡಬೇಕು.

ಆಸ್ಕರ್ ಕೊಡೋದು ಅಮೆರಿಕದ ಅಕಾಡೆಮಿ ಆಫ್ ಮೋಷನ್ ಪಿಕ್ಚರ್ ಆರ್ಟ್ಸ್ ಅಂಡ್ ಸೈನ್ಸಸ್. ಅಲ್ಲಿ ಮತ ಹಾಕೋ ಸದಸ್ಯರು ಈಗ ಸುಮಾರು 10,000. ನಮ್ಮ ಕಾಲೇಜಿನ ಹಾಗೇ ಅಲ್ಲೂ ಬ್ರಾಂಚ್‌ಗಳಿವೆ: ನಟರು, ನಿರ್ದೇಶಕರು, ಸಂಕಲನಕಾರರು, ಸಂಗೀತದವರು, ಹೀಗೆ. ನಾಮಿನೇಷನ್ ಹಂತದಲ್ಲಿ ಹೆಚ್ಚಿನ ವಿಭಾಗಗಳಲ್ಲಿ ಆಯಾ ಬ್ರಾಂಚಿನವರೇ ಆರಿಸ್ತಾರೆ, ಎಡಿಟಿಂಗ್‌ಗೆ ಎಡಿಟರ್‌ಗಳು, ನಟನೆಗೆ ನಟರು. ಫೈನಲ್ ಸುತ್ತಿನಲ್ಲಿ ಮಾತ್ರ ಎಲ್ಲರಿಗೂ ಎಲ್ಲ ವಿಭಾಗಕ್ಕೂ ಮತ ಹಾಕೋ ಹಕ್ಕು ಇರತ್ತೆ. ಅಂದ್ರೆ ಮೆಕ್ಯಾನಿಕಲ್ ಪ್ರಾಜೆಕ್ಟ್ ಫೈನಲ್‌ಗೆ ಬರೋದು ಮೆಕ್ಯಾನಿಕಲ್‌ನವರ ಕೈಯಿಂದ, ಪ್ರೈಜ್ ಸಿಗೋದು ಸಿಎಸ್, ಇಸಿ, ಸಿವಿಲ್ ಎಲ್ಲರೂ ಸೇರಿ ಹಾಕಿದ ಮತದಿಂದ. ಇದರಲ್ಲಿ ಅತಿ ದೊಡ್ಡ ಬ್ರಾಂಚ್ ನಟರದ್ದು. ಈ ಒಂದು ವಿಷಯ ಗೊತ್ತಿದ್ರೇನೇ ಅರ್ಧ ಲೆಕ್ಕ ಮುಗೀತು.

ಪ್ರಿಪರೇಟರಿ ಯಾವುದು, ಕೋಚಿಂಗ್ ಟೆಸ್ಟ್ ಯಾವುದು

ಆಸ್ಕರ್‌ಗೆ ಮುಂಚೆ ಎರಡು ಮೂರು ತಿಂಗಳು ಬೇರೆ ಬೇರೆ ಪ್ರಶಸ್ತಿಗಳು ಸಾಲಾಗಿ ಬರ್ತವೆ. ಎಲ್ಲಕ್ಕೂ ಒಂದೇ ತೂಕ ಕೊಟ್ರೆ ಕೆಟ್ಟ ಪ್ರೆಡಿಕ್ಷನ್ ಬರತ್ತೆ. ಪಿಯುಸಿ ನೆನಪು ಮಾಡ್ಕೊಳ್ಳಿ. ಫೈನಲ್ ಪೇಪರ್ ತಿದ್ದೋರೇ ಪ್ರಿಪರೇಟರಿಯನ್ನೂ ತಿದ್ದಿದ್ರೆ ಆ ಮಾರ್ಕ್ಸ್‌ಗೆ ಒಂದು ಬೆಲೆ. ಯಾವುದೋ ಕೋಚಿಂಗ್ ಸೆಂಟರ್‌ನ ಟೆಸ್ಟ್‌ನಲ್ಲಿ ಬಂದ ಮಾರ್ಕ್ಸ್‌ಗೆ ಬೇರೆ ಬೆಲೆ.

ಇಲ್ಲಿ ಪ್ರಿಪರೇಟರಿ ಅಂದ್ರೆ ಗಿಲ್ಡ್ ಪ್ರಶಸ್ತಿಗಳು. ನಿರ್ದೇಶಕರ ಸಂಘದ್ದು ಡಿಜಿಎ, ನಿರ್ಮಾಪಕರ ಸಂಘದ್ದು ಪಿಜಿಎ, ನಟರ ಸಂಘದ್ದು ಎಸ್‌ಎಜಿ. ಈ ಸಂಘಗಳ ಎಷ್ಟೋ ಸದಸ್ಯರು ಅಕಾಡೆಮಿಯಲ್ಲೂ ಇದ್ದಾರೆ. ಗೋಲ್ಡನ್ ಗ್ಲೋಬ್ ಕೊಡೋದು ಪತ್ರಕರ್ತರು, ಅವರಿಗೆ ಅಕಾಡೆಮಿಯಲ್ಲಿ ಮತ ಇಲ್ಲ. ಅದು ಕೋಚಿಂಗ್ ಟೆಸ್ಟ್ ಇದ್ದ ಹಾಗೆ. ಗಾಳಿ ಯಾವ ಕಡೆ ಬೀಸ್ತಿದೆ ಅಂತ ಹೇಳಬಹುದು, ಅಷ್ಟೇ.

ಡಿಜಿಎ ಎಷ್ಟು ಗಟ್ಟಿ ಸಿಗ್ನಲ್ ಅಂದ್ರೆ, 1948ರ ಸಿನಿಮಾಗಳಿಂದ 2024ರವರೆಗೆ ಅದನ್ನ ಗೆದ್ದ ನಿರ್ದೇಶಕರಿಗೆ ಆಸ್ಕರ್ ತಪ್ಪಿದ್ದು ಹತ್ತಕ್ಕಿಂತ ಕಡಿಮೆ ಸಲ. ಬೆಸ್ಟ್ ಡೈರೆಕ್ಟರ್ ವಿಭಾಗಕ್ಕೆ ಬೇರೇನೂ ನೋಡದೇ ಇದೊಂದನ್ನ ಕಾಪಿ ಹೊಡೆದ್ರೂ ನೀವು ಬಹಳಷ್ಟು ಪಂಡಿತರಿಗಿಂತ ಮುಂದೆ ಇರ್ತೀರ.

ಮತ ಎಣಿಸೋ ರೀತಿಯೇ ಆಟ ಬದಲಾಯಿಸತ್ತೆ

ಹಾಗಾದ್ರೆ ಒಳ್ಳೆ ಡೈರೆಕ್ಟರ್ ಸಿನಿಮಾನೇ ಬೆಸ್ಟ್ ಪಿಕ್ಚರ್ ಆಗ್ಬೇಕಲ್ವಾ? ಆಗಲ್ಲ. 2012ರಿಂದ 2021ರವರೆಗಿನ ಹತ್ತು ವರ್ಷದ ಸಿನಿಮಾಗಳನ್ನ ತಗೊಂಡ್ರೆ, ಆರು ಸಲ ನಿರ್ದೇಶಕರ ಪ್ರಶಸ್ತಿ ಒಂದು ಸಿನಿಮಾಗೆ, ಬೆಸ್ಟ್ ಪಿಕ್ಚರ್ ಇನ್ನೊಂದಕ್ಕೆ ಹೋಗಿದೆ. ಇದಕ್ಕೆ ಒಂದು ಮುಖ್ಯ ಕಾರಣ ಎಣಿಕೆ. ಬೇರೆ ವಿಭಾಗಗಳಲ್ಲಿ ಯಾರಿಗೆ ಹೆಚ್ಚು ಮತವೋ ಅವರೇ ವಿನ್ನರ್. ಬೆಸ್ಟ್ ಪಿಕ್ಚರ್‌ನಲ್ಲಿ ಮಾತ್ರ, ನಾಮಿನಿಗಳ ಸಂಖ್ಯೆ ಐದರಿಂದ ಹತ್ತಕ್ಕೆ ಏರಿದ 2009ರ ಸಿನಿಮಾಗಳಿಂದ ಈಚೆಗೆ, ಮತದಾರರು 1, 2, 3 ಅಂತ ರ‍್ಯಾಂಕ್ ಕೊಡ್ತಾರೆ.

ಇದನ್ನ ಹಾಸ್ಟೆಲ್ ಮೆಸ್‌ಗೆ ತರೋಣ. ಭಾನುವಾರದ ಸ್ಪೆಷಲ್ ಏನಿರಬೇಕು ಅಂತ 100 ಜನ ಮತ ಹಾಕಿದ್ರು ಅಂದ್ಕೊಳ್ಳಿ. ಮೊದಲ ಆಯ್ಕೆಯಲ್ಲಿ ಬಿರಿಯಾನಿಗೆ 40, ಮಸಾಲೆ ದೋಸೆಗೆ 35, ಬಿಸಿಬೇಳೆ ಬಾತ್‌ಗೆ 25. ಸಾಮಾನ್ಯ ಎಣಿಕೆಯಲ್ಲಿ ಬಿರಿಯಾನಿ ಗೆದ್ದ ಹಾಗೆ. ರ‍್ಯಾಂಕ್ ಪದ್ಧತಿಯಲ್ಲಿ ಅರ್ಧಕ್ಕಿಂತ ಹೆಚ್ಚು ಮತ ಬೇಕು. ಯಾರಿಗೂ ಬಂದಿಲ್ಲ, ಆದ್ದರಿಂದ ಕೊನೆಯಲ್ಲಿರೋ ಬಿಸಿಬೇಳೆ ಬಾತ್ ಔಟ್. ಅದರ 25 ಜನರ ಎರಡನೇ ಆಯ್ಕೆ ನೋಡಿದ್ರೆ 20 ದೋಸೆಗೆ, 5 ಬಿರಿಯಾನಿಗೆ. ಈಗ ದೋಸೆ 55, ಬಿರಿಯಾನಿ 45. ದೋಸೆ ಗೆದ್ದಿತು.

ಇದನ್ನ ನೋಡಿ "ಎಲ್ಲರಿಗೂ ಎರಡನೇ ಇಷ್ಟವಾದ ಸಿನಿಮಾ ಗೆಲ್ಲತ್ತೆ" ಅಂತ ಎಷ್ಟೋ ಕಡೆ ಹೇಳ್ತಾರೆ. ಅದು ಪೂರ್ತಿ ನಿಜ ಅಲ್ಲ. ಇದೇ ಲೆಕ್ಕದಲ್ಲಿ ಬಿರಿಯಾನಿಯ 40 ಜನ, ದೋಸೆಯ 35 ಜನ ಎಲ್ಲರೂ ಎರಡನೇ ಸ್ಥಾನ ಬಿಸಿಬೇಳೆ ಬಾತ್‌ಗೇ ಕೊಟ್ಟಿದ್ರು ಅಂದ್ಕೊಳ್ಳಿ. ಒಂದಕ್ಕೊಂದು ಎದುರು ನಿಲ್ಲಿಸಿದ್ರೆ ಅದು ಬಿರಿಯಾನಿಯನ್ನ 60–40, ದೋಸೆಯನ್ನ 65–35 ಅಂತರದಲ್ಲಿ ಸೋಲಿಸ್ತಿತ್ತು! ಆದ್ರೂ ಅದು ಮೊದಲ ಸುತ್ತಲ್ಲೇ ಮನೆಗೆ ಹೋಯ್ತು. ಅಂದ್ರೆ ಗೆಲ್ಲೋಕೆ ಎರಡು ಬೇಕು: ಔಟ್ ಆಗದೇ ಉಳಿಯೋಷ್ಟು ಪಕ್ಕಾ ಅಭಿಮಾನಿಗಳು, ಮತ್ತೆ ಉಳಿದವರಿಂದ ತೀರಾ ಕೊನೆಯ ರ‍್ಯಾಂಕ್ ಬೀಳದೇ ಇರೋದು.

2022ರ ಸಮಾರಂಭದಲ್ಲಿ 'ದಿ ಪವರ್ ಆಫ್ ದಿ ಡಾಗ್'ಗೆ 12 ನಾಮಿನೇಷನ್, 'ಕೋಡಾ'ಗೆ ಬರೀ 3. ನಿರ್ದೇಶಕಿ ಜೇನ್ ಕ್ಯಾಂಪಿಯನ್ ಡಿಜಿಎ, ಆಸ್ಕರ್ ಎರಡೂ ಗೆದ್ದರು. ಬೆಸ್ಟ್ ಪಿಕ್ಚರ್ ಮಾತ್ರ 'ಕೋಡಾ' ಪಾಲಾಯ್ತು. ನಾಮಿನೇಷನ್ ಎಣಿಸ್ತಾ ಕೂತವರಿಗೆ ಇದು ಶಾಕ್. ಪಿಜಿಎ ಕೂಡ ಇದೇ ರ‍್ಯಾಂಕ್ ಪದ್ಧತಿ ಬಳಸತ್ತೆ, ಅದನ್ನ 'ಕೋಡಾ' ಆಗಲೇ ಗೆದ್ದಿತ್ತು, ನಟರ ಸಂಘದ ತಂಡ ಪ್ರಶಸ್ತಿಯನ್ನೂ ಗೆದ್ದಿತ್ತು. ಇದನ್ನ ಗಮನಿಸಿದವರಿಗೆ ಅಷ್ಟೇನೂ ಶಾಕ್ ಆಗಲಿಲ್ಲ.

ಹಾಗಾದ್ರೆ ಒಂದು ಎಂಎಲ್ ಮಾಡೆಲ್ ಹಾಕಿಬಿಡೋಣ?

ಇಲ್ಲೇ ನಮ್ಮಂಥವರು ಜಾರೋದು. ಡೇಟಾ ಎಷ್ಟಿದೆ ನೋಡಿ. ವರ್ಷಕ್ಕೆ ಒಂದು ಬೆಸ್ಟ್ ಪಿಕ್ಚರ್. ಈಗಿನ ಎಣಿಕೆ ಪದ್ಧತಿ ಬಂದು ಇನ್ನೂ ಇಪ್ಪತ್ತು ವರ್ಷ ಆಗಿಲ್ಲ. ಇಷ್ಟು ಕಡಿಮೆ ಸಾಲುಗಳ ಟೇಬಲ್‌ಗೆ ಮೂವತ್ತು ಫೀಚರ್ ತುಂಬಿಸಿದ್ರೆ ಮಾಡೆಲ್ ಕಲಿಯಲ್ಲ, ಬಾಯಿಪಾಠ ಮಾಡತ್ತೆ. ಹಳೇ ಕ್ವೆಶ್ಚನ್ ಪೇಪರ್ ಉರು ಹೊಡೆದು ಹೋದಂಗೆ.

ಅಮೆರಿಕದ 2008ರ ಅಧ್ಯಕ್ಷೀಯ ಚುನಾವಣೆಯನ್ನ ಚೆನ್ನಾಗಿ ಊಹಿಸಿ ಹೆಸರು ಮಾಡಿದ್ದ ನೇಟ್ ಸಿಲ್ವರ್ 2009ರಲ್ಲಿ ಆಸ್ಕರ್‌ಗೂ ಒಂದು ಅಂಕಿಅಂಶದ ಮಾಡೆಲ್ ಹಾಕಿದ್ರು. ಬೆಸ್ಟ್ ಆಕ್ಟರ್ ಮಿಕ್ಕಿ ರೂರ್ಕ್ ಅಂತ ಅದು ಹೇಳ್ತು, ಗೆದ್ದದ್ದು ಶಾನ್ ಪೆನ್. ಪೋಷಕ ನಟಿ ವಿಭಾಗದಲ್ಲೂ ತಪ್ಪಾಯ್ತು. ಆಮೇಲೆ ಅವರು ಹಿಡಿದ ದಾರಿ ಇನ್ನೂ ಸರಳ: ಯಾವ ಪ್ರಶಸ್ತಿ ಹಿಂದೆ ಎಷ್ಟು ಸಲ ಸರಿ ಹೇಳಿದೆ ಅನ್ನೋದರ ಮೇಲೆ ತೂಕ, ಅಕಾಡೆಮಿ ಜೊತೆ ಸದಸ್ಯರು ಹಂಚಿಕೊಂಡಿರೋ ಪ್ರಶಸ್ತಿಗಳಿಗೆ ಡಬಲ್ ತೂಕ. ನಮ್ಮ ಲೆವೆಲ್‌ಗೂ ಇದೇ ಸಾಕು, ಜಿಪಿಯು ಏನೂ ಬೇಡ.

ಇನ್ನೊಂದು ತೊಂದರೆ, ಮತದಾರರೇ ಬದಲಾಗ್ತಿದ್ದಾರೆ. ನಟರ ನಾಮಿನೇಷನ್ ಪಟ್ಟಿಯಲ್ಲಿ ಬರೀ ಬಿಳಿಯರೇ ಇದ್ದಾರೆ ಅಂತ 2015 ಮತ್ತು 2016ರಲ್ಲಿ ದೊಡ್ಡ ಟೀಕೆ ಬಂತು. ಅದಾದ ಮೇಲೆ ಅಕಾಡೆಮಿ ಹೊಸ ಸದಸ್ಯರನ್ನ, ಹೊರದೇಶದವರನ್ನೂ ಸೇರಿಸಿ, ದೊಡ್ಡ ಸಂಖ್ಯೆಯಲ್ಲಿ ತಗೊಳ್ತು. 2020ರಲ್ಲಿ ಡಿಜಿಎ, ಪಿಜಿಎ ಎರಡೂ '1917'ಗೆ ಹೋಗಿದ್ವು. ಆದ್ರೆ ಬೆಸ್ಟ್ ಪಿಕ್ಚರ್ ಗೆದ್ದದ್ದು ಕೊರಿಯನ್ ಸಿನಿಮಾ 'ಪ್ಯಾರಸೈಟ್'. ಇಂಗ್ಲಿಷ್ ಅಲ್ಲದ ಸಿನಿಮಾಗೆ ಆ ಪ್ರಶಸ್ತಿ ಬಂದದ್ದು ಅದೇ ಮೊದಲು. "ಹಿಂದೆ ಯಾವತ್ತೂ ಆಗಿಲ್ಲ" ಅನ್ನೋ ಫೀಚರ್ ಅವತ್ತು ಕಸದ ಬುಟ್ಟಿಗೆ ಬಿತ್ತು. ಈಗ ಇನ್ನೊಂದು ನಿಯಮ ಬಂದಿದೆ. 2026ರ ಸಮಾರಂಭದಿಂದ, ಒಂದು ವಿಭಾಗದ ಎಲ್ಲ ನಾಮಿನಿಗಳನ್ನೂ ನೋಡಿದ ಸದಸ್ಯರು ಮಾತ್ರ ಆ ವಿಭಾಗಕ್ಕೆ ಮತ ಹಾಕಬಹುದು. ಹಳೇ ಡೇಟಾ ಮತ್ತೆ ಸ್ವಲ್ಪ ಹಳೇದಾಯ್ತು.

90% ಅಂದ್ರೆ ಗೆದ್ದಾಯ್ತು ಅಂತಲ್ಲ

2021ರ ಸಮಾರಂಭ ಇದಕ್ಕೆ ಒಳ್ಳೇ ಪಾಠ. ಹಿಂದಿನ ವರ್ಷ ತೀರಿಕೊಂಡಿದ್ದ ಚಾಡ್ವಿಕ್ ಬೋಸ್‌ಮನ್‌ಗೆ ಗೋಲ್ಡನ್ ಗ್ಲೋಬ್, ಕ್ರಿಟಿಕ್ಸ್ ಚಾಯ್ಸ್, ಎಸ್‌ಎಜಿ ಎಲ್ಲ ಬಂದಿತ್ತು. ಸಾಮಾನ್ಯವಾಗಿ ಕೊನೆಗೆ ಬರೋ ಬೆಸ್ಟ್ ಪಿಕ್ಚರ್ ಅನ್ನ ಅವತ್ತು ಮುಂಚೆನೇ ಕೊಟ್ಟು, ಬೆಸ್ಟ್ ಆಕ್ಟರ್ ಅನ್ನ ಕೊನೆಗಿಟ್ರು. ಇಡೀ ಜಗತ್ತು ಬೋಸ್‌ಮನ್ ಹೆಸರಿಗೆ ಕಾಯ್ತಾ ಇತ್ತು. ಕವರ್ ತೆಗೆದಾಗ ಬಂದದ್ದು ಆಂಥನಿ ಹಾಪ್ಕಿನ್ಸ್ ಹೆಸರು, ಅವರು ಸಮಾರಂಭಕ್ಕೇ ಬಂದಿರಲಿಲ್ಲ. ಕಾರ್ಯಕ್ರಮ ಹಾಗೇ ಮುಗಿದುಹೋಯ್ತು.

ಸುಳಿವು ಇರಲಿಲ್ಲ ಅಂತಲ್ಲ. ಆಸ್ಕರ್‌ಗೆ ಎರಡು ವಾರ ಮುಂಚೆ ಬ್ರಿಟನ್ನಿನ ಬಾಫ್ಟಾ ಹಾಪ್ಕಿನ್ಸ್‌ಗೆ ಸಿಕ್ಕಿತ್ತು. ಬೋಸ್‌ಮನ್ ಮುಂದೆ ಇದ್ದದ್ದು ನಿಜ. ಆದ್ರೆ ಹತ್ತರಲ್ಲಿ ಒಂಬತ್ತು ಸಲ ಆಗೋ ವಿಷಯ ಹತ್ತನೇ ಸಲ ಆಗಲ್ಲ ಅನ್ನೋದೂ ಅದೇ ಸಂಖ್ಯೆಯೊಳಗೇ ಇದೆ.

ಅದಕ್ಕೇ ಬರೀ "ಎಷ್ಟು ಸರಿ ಬಂತು" ಅಂತ ಮಾರ್ಕ್ಸ್ ಹಾಕಬಾರದು. ಹತ್ತು ನಾಮಿನಿಗಳಿಗೂ "ಇದು ಗೆಲ್ಲಲ್ಲ" ಅಂತ ಬರೆದಿಟ್ರೆ ನಿಮ್ಮ ಆಕ್ಯುರಸಿ 90%! ಪ್ರಾಜೆಕ್ಟ್ ವೈವಾದಲ್ಲಿ ಯಾರಾದ್ರೂ 90% ಆಕ್ಯುರಸಿ ಅಂತ ಸ್ಲೈಡ್ ಹಾಕಿದ್ರೆ ಇದನ್ನ ನೆನಪು ಮಾಡ್ಕೊಳ್ಳಿ. ಇದಕ್ಕಿಂತ ಒಳ್ಳೇದು ಬ್ರಯರ್ ಸ್ಕೋರ್. ನೀವು ಕೊಟ್ಟ ಸಂಭವನೀಯತೆಯಿಂದ ನಿಜವಾಗಿ ಆದದ್ದನ್ನ (ಗೆದ್ರೆ 1, ಸೋತ್ರೆ 0) ಕಳೆದು ವರ್ಗ ಮಾಡಿ. ಕಡಿಮೆ ಬಂದಷ್ಟೂ ಒಳ್ಳೇದು. 0.9 ಅಂತ ಹೇಳಿ ಗೆದ್ರೆ ದಂಡ 0.01, ಸೋತ್ರೆ 0.81. 0.6 ಅಂತ ಹೇಳಿದ್ರೆ ಗೆದ್ದಾಗ 0.16, ಸೋತಾಗ 0.36. ಅಂದ್ರೆ ತಪ್ಪು ಹೇಳೋದಕ್ಕಿಂತ, ಅತಿಯಾದ ಧೈರ್ಯದಿಂದ ತಪ್ಪು ಹೇಳೋದಕ್ಕೆ ಬೆಲೆ ಜಾಸ್ತಿ.

ಕಾಂತಾರ ಮತ್ತು 301

ಈ ಲೆಕ್ಕ ನಮ್ಮ ಮನೆ ಬಾಗಿಲಿಗೂ ಬಂದಿತ್ತು. 2023ರ ಜನವರಿಯಲ್ಲಿ 'ಕಾಂತಾರ', 'ವಿಕ್ರಾಂತ್ ರೋಣ' ಆಸ್ಕರ್ ಲಿಸ್ಟ್‌ನಲ್ಲಿವೆ ಅಂತ ಸುದ್ದಿ ಬಂದಾಗ ಸ್ಟೇಟಸ್‌ಗಳೆಲ್ಲ ತುಂಬಿಹೋದ್ವು. ಆ ಪಟ್ಟಿಯಲ್ಲಿ ಇದ್ದದ್ದು 301 ಸಿನಿಮಾಗಳು. ಅದು ಅರ್ಹತಾ ಪಟ್ಟಿ: ಅಮೆರಿಕದ ನಿಗದಿತ ನಗರವೊಂದರ ಥಿಯೇಟರ್‌ನಲ್ಲಿ ಒಂದು ವಾರ ಓಡಿ, ಉಳಿದ ನಿಯಮಗಳನ್ನೂ ಪೂರೈಸಿದ ಸಿನಿಮಾಗಳದ್ದು. ಹಾಲ್ ಟಿಕೆಟ್ ಸಿಕ್ಕ ಹಾಗೆ, ರ‍್ಯಾಂಕ್ ಬಂದ ಹಾಗಲ್ಲ. ಅದೇ ವರ್ಷ 'ಆರ್‌ಆರ್‌ಆರ್'ನ 'ನಾಟು ನಾಟು' ಕಥೆ ಬೇರೆ. ಜನವರಿಯಲ್ಲೇ ಗೋಲ್ಡನ್ ಗ್ಲೋಬ್, ಕ್ರಿಟಿಕ್ಸ್ ಚಾಯ್ಸ್ ಎರಡೂ ಬಂದಿದ್ವು, ಮಾರ್ಚ್‌ನಲ್ಲಿ ಆಸ್ಕರ್ ಬಂತು. ಹೆಮ್ಮೆ ಪಡೋದು ತಪ್ಪಲ್ಲ, ಆದ್ರೆ ಯಾವ ಮೆಟ್ಟಿಲಿನ ಮೇಲೆ ನಿಂತು ಹೆಮ್ಮೆ ಪಡ್ತಿದೀವಿ ಅಂತ ಗೊತ್ತಿರಬೇಕು.

ಮುಂದಿನ ವರ್ಷ ಮೈಸೂರಿನ ಚಿದಾನಂದ ಎಸ್. ನಾಯ್ಕ್ ಅವರ ಕನ್ನಡ ಕಿರುಚಿತ್ರ 'ಸನ್‌ಫ್ಲವರ್ಸ್ ವರ್ ದಿ ಫಸ್ಟ್ ಒನ್ಸ್ ಟು ನೋ' 2024ರ ಕಾನ್ ಚಿತ್ರೋತ್ಸವದಲ್ಲಿ ಲಾ ಸಿನೆಫ್ ವಿಭಾಗದ ಮೊದಲ ಬಹುಮಾನ ಗೆದ್ದಿತು, ಆಸ್ಕರ್‌ಗೂ ಅರ್ಹತೆ ಪಡೆಯಿತು. 15 ಚಿತ್ರಗಳ ಶಾರ್ಟ್‌ಲಿಸ್ಟ್‌ನಲ್ಲಿ ಅದರ ಹೆಸರು ಬರಲಿಲ್ಲ. ಅದರಿಂದ ಆ ಚಿತ್ರ ಒಂದು ಕೂದಲೆಳೆಯಷ್ಟೂ ಕೆಟ್ಟದಾಗಲಿಲ್ಲ.

ಕೊನೆಗೆ ಒಂದು ಮಾತು

ಇಷ್ಟು ಹೊತ್ತು ನಾವು ಹೇಳಿದ ಲೆಕ್ಕದಲ್ಲಿ ಒಂದು ವಿಚಿತ್ರ ಗಮನಿಸಿದ್ರಾ? ಯಾವ ಹಂತದಲ್ಲೂ ಸಿನಿಮಾ ನೋಡೋ ಅಗತ್ಯ ಬರಲೇ ಇಲ್ಲ. ಮತದಾರರು, ಎಣಿಕೆ, ಹಿಂದಿನ ಪ್ರಶಸ್ತಿ, ಇಷ್ಟೇ ಸಾಕಾಯ್ತು. ಪ್ರೆಡಿಕ್ಷನ್‌ನ ಶಕ್ತಿ ಅದೇ, ಮಿತಿಯೂ ಅದೇ. ಇನ್ನೆರಡು ವರ್ಷದಲ್ಲಿ ಪ್ಲೇಸ್‌ಮೆಂಟ್‌ಗೆ ಕೂತಾಗ ನಮ್ಮನ್ನೂ ಹೀಗೇ ನೋಡ್ತಾರೆ: ಸಿಜಿಪಿಎ ಎಷ್ಟು, ಬ್ಯಾಕ್‌ಲಾಗ್ ಇದೆಯಾ, ಯಾವ ಬ್ರಾಂಚ್. ನಮ್ಮನ್ನ ನೋಡದೇನೇ ನಮ್ಮ ಬಗ್ಗೆ ಒಂದು ಸಂಖ್ಯೆ ತಯಾರಾಗಿರತ್ತೆ. ಆ ಸಂಖ್ಯೆ ಬಹಳ ಸಲ ಸರಿಯೂ ಇರಬಹುದು. ಆದ್ರೆ ಅದು ಆಯ್ಕೆ ಮಾಡೋರ ಬಗ್ಗೆ ಹೇಳೋದೇ ಹೆಚ್ಚು, ಆಯ್ಕೆಯಾಗೋರ ಬಗ್ಗೆ ಕಡಿಮೆ.

ಆದ್ದರಿಂದ ಮುಂದಿನ ಸಲ ಶೀಟ್ ತುಂಬುವಾಗ ಎರಡು ಕಾಲಂ ಹಾಕಿ. ಒಂದರಲ್ಲಿ "ಗೆಲ್ಲೋ ಸಂಭವನೀಯತೆ", ಒಟ್ಟು ಕೂಡಿದ್ರೆ 1 ಬರೋ ಹಾಗೆ. ಇನ್ನೊಂದರಲ್ಲಿ "ನನ್ನ ಮತ". ಮೊದಲನೇ ಕಾಲಂ ತುಂಬೋಕೆ ಈ ಲೇಖನ ಸಾಕು. ಎರಡನೆಯದನ್ನ ತುಂಬಬೇಕಿದ್ರೆ ಮಾತ್ರ, ಅಕಾಡೆಮಿ ಈಗ ತನ್ನ ಸದಸ್ಯರಿಗೆ ಹೇಳಿರೋ ಹಾಗೆ, ಎಲ್ಲ ಸಿನಿಮಾನೂ ನೋಡ್ಲೇಬೇಕು.